ರಾಯರ ಪಾಸ್‌ವರ್ಡ್

ನಮ್ಮ ಹೋಟೆಲುಗಳ ಕಂಪ್ಯೂಟರುಗಳಿಗೆಲ್ಲ ಮೊದಲು ಒಂದೇ ಪಾಸ್‌ವರ್ಡ್ ಇತ್ತು. ಹೋಟೆಲಿನ ಹೆಸರು, ಅದರ ಬೆನ್ನಿಗೆ ಒಂದು ಎರಡು ಮೂರು. ಅಂಧೇರಿಯಲ್ಲಿ ಬಿಲ್ಲು ಮಾಡಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂತವರಿಗೂ ಅದೇ, ಬೈಕುಲ್ಲಾದ ಸ್ಟೋರ್ ನೋಡುವವರಿಗೂ ಅದೇ, ಎಲ್ಲ ಶಾಖೆಗಳಿಗೂ ಹಿಟ್ಟು, ಚಟ್ನಿ, ಸಾಂಬಾರು ಕಳಿಸುವ ಕಾಂದಿವಲಿಯ ದೊಡ್ಡ ಅಡುಗೆಮನೆಗೂ ಅದೇ. ಕೆಲಸ ಬಿಟ್ಟು ಹೋದವರಿಗೂ ಅದು ಗೊತ್ತಿತ್ತು. ಹಾಗೆ ಜಗಳವಾಡಿ ಬಿಟ್ಟುಹೋದ ಸೂಪರ್‌ವೈಸರ್ ಒಬ್ಬ, ಗೆಳೆಯನನ್ನು ಮಾತಾಡಿಸುವ ನೆಪದಲ್ಲಿ ಒಂದು ಶಾಖೆಗೆ ಬಂದು, ಮೆನುವಿನಲ್ಲಿದ್ದ ತಿಂಡಿಗಳ ಹೆಸರುಗಳನ್ನೆಲ್ಲ ಅದಲುಬದಲು ಮಾಡಿ ಹೋದ. ಮರುದಿನ ಬೆಳಿಗ್ಗೆ ಇಡ್ಲಿ ತಿಂದವರ ಬಿಲ್ಲಿನಲ್ಲಿ ಪಾವ್ ಭಾಜಿ ಬಂತು. ಗಿರಾಕಿಗಳು ನಕ್ಕರು. ಆದರೆ ಧಣಿಗಳ ಮಗ ನಗಲಿಲ್ಲ. ವ್ಯವಹಾರ ನೋಡಿಕೊಳ್ಳುತ್ತಿದ್ದ ಅವರನ್ನು ನಾವೆಲ್ಲ ಸಣ್ಣ ಧಣಿ ಎನ್ನುತ್ತಿದ್ದೆವು. ಮುಂಬೈಯಲ್ಲೇ ಹುಟ್ಟಿ ಬೆಳೆದವರು, ಕನ್ನಡ ಅರ್ಧ, ಹಿಂದಿ ಅರ್ಧ.

"ಎಲ್ಲರ್ದೂ ಅಲಗ್ ಅಲಗ್ ಪಾಸ್‌ವರ್ಡ್ ಮಾಡು. ಯಾರು ಏನ್ ಮಾಡ್ತಾರೆ ನಂಗೆ ಗೊತ್ತಾಗ್ಬೇಕು," ಎಂದರು.

ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನೊಬ್ಬಳೇ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನಾನೇ, ಇಂಟರ್‌ನೆಟ್ ಹೋದರೂ ನಾನೇ. ಈ ಕೆಲಸವನ್ನು ಖುಷಿಯಿಂದಲೇ ಒಪ್ಪಿಕೊಂಡೆ.

ಅಂಧೇರಿ ಹೋಟೆಲಿನ ಮೇಲಂತಸ್ತಿನ ಆಫೀಸಿನಲ್ಲಿ ಒಂದು ಸರ್ವರ್ ಇಟ್ಟು, ಎಲ್ಲ ಶಾಖೆಗಳ ಕಂಪ್ಯೂಟರುಗಳನ್ನೂ ಅದಕ್ಕೆ ಜೋಡಿಸಬೇಕು. ಪ್ರತಿಯೊಬ್ಬರಿಗೂ ಅವರದೇ ಹೆಸರಿನ ಖಾತೆ, ಅವರೇ ಇಟ್ಟುಕೊಂಡ ಪಾಸ್‌ವರ್ಡ್. ಯಾವ ಶಾಖೆಗೆ ಹೋಗಿ ಕೂತರೂ ಅದೇ ಹೆಸರು, ಅದೇ ಪಾಸ್‌ವರ್ಡ್ ನಡೆಯುತ್ತದೆ. ಸರಿಯೋ ತಪ್ಪೋ ಎಂದು ಹೇಳುವುದು ಅಂಧೇರಿಯ ಸರ್ವರ್. ಕೆಲವು ಸಲ ಮೇಲಿಂದ ಮೇಲೆ ತಪ್ಪು ಪಾಸ್‌ವರ್ಡ್ ಹೋದರೆ ಖಾತೆ ಲಾಕ್ ಆಗುತ್ತದೆ. ಆಮೇಲೆ ಸರಿಯಾದದ್ದನ್ನು ಹೊಡೆದರೂ ಸ್ವಲ್ಪ ಹೊತ್ತು ತೆರೆಯುವುದಿಲ್ಲ. ಆಗಾಗ ಪಾಸ್‌ವರ್ಡ್ ಬದಲಾಯಿಸಲೇಬೇಕು. ಯಾರಿಗೂ ಹೇಳಬಾರದು, ನನಗೂ ಹೇಳಬಾರದು. ಈ ನಿಯಮಗಳನ್ನೆಲ್ಲ ಬರೆದವಳು ನಾನೇ.

ತಿಂಡಿಯ ಗದ್ದಲ ಮುಗಿದು ಊಟದ ಗದ್ದಲ ಶುರುವಾಗುವ ನಡುವಿನ ಬಿಡುವಿನಲ್ಲಿ ಒಂದೊಂದೇ ಶಾಖೆಗೆ ಹೋಗಿ ಈ ಕೆಲಸ ಮಾಡಿದೆ. ಎಲ್ಲ ಕಡೆಯೂ ಗೊಣಗಾಟ. ಕೈ ತುಂಬ ಚಟ್ನಿ ಇರುವವನಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಬೇಕು ಎಂದರೆ ಸಿಟ್ಟು ಬರದೆ ಇರುತ್ತದೆಯೇ?

ಗೊಣಗದೆ ಇದ್ದವರು ಬೈಕುಲ್ಲಾ ಶಾಖೆಯ ರಾಯರು ಒಬ್ಬರೇ. ಕುಂದಾಪುರದ ಕಡೆಯವರು. ಮಾರ್ಕೆಟ್ಟಿನ ಬಗಲಿಗಿದ್ದ ಆ ಸಣ್ಣ ಶಾಖೆಯ ಗಲ್ಲೆಯ ಮೇಲೆ ವರ್ಷಗಟ್ಟಲೆ ಕೂತವರು. ವೇಟರುಗಳು ಒಳಗೆ ಕೂಗುವ ಆರ್ಡರುಗಳನ್ನು ಕಿವಿಯಲ್ಲೇ ಹಿಡಿದಿಟ್ಟುಕೊಳ್ಳುತ್ತಿದ್ದರು. ಗಿರಾಕಿ ಗಲ್ಲೆಯ ಎದುರು ಬಂದು ನಿಲ್ಲುವ ಮೊದಲೇ ಅವನ ಟೇಬಲ್ಲಿಗೆ ಏನೇನು ಹೋಗಿದೆ ಎಂದು ಅವರ ಬಾಯಲ್ಲಿರುತ್ತಿತ್ತು. ಬಿಲ್ಲಿಂಗ್ ಕಂಪ್ಯೂಟರ್ ಬಂದ ಮೇಲೂ ಅವರು ಪರದೆ ನೋಡುತ್ತಿದ್ದದ್ದು ಹೆಸರಿಗೆ ಮಾತ್ರ.

"ಇಷ್ಟು ವರ್ಷ ಎಲ್ಲರ ಬೀಗದ ಕೈಯಲ್ಲಿ ಬಾಗಿಲು ತೆಗ್ದದ್ದು ನಾನು," ಎಂದರು, ಪಾಸ್‌ವರ್ಡನ್ನು ಒಂದು ಬೆರಳಿನಲ್ಲಿ ಒತ್ತುತ್ತ. "ಈಗ ನನಗೇ ಅಂತ ಒಂದು ಕೊಟ್ಟೆ ನೋಡು ಮಾರಾಯ್ತಿ. ಲಾಯ್ಕುಂಟು."

ಅದೇ ದಿನ ನಾನು ಅಲ್ಲಿ ಇನ್ನೊಂದು ಕೆಲಸ ಮಾಡಿದೆ. ಬೈಕುಲ್ಲಾದ ಮಾಳಿಗೆಯ ಸ್ಟೋರಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಬೆಳಿಗ್ಗೆ ಮಾರ್ಕೆಟ್ಟಿನಿಂದ ಬಂದ ತರಕಾರಿಯ ವಿವರವನ್ನು ಸ್ಟೋರಿನವರು ಅದರಲ್ಲಿ ಹಾಕುತ್ತಿದ್ದರು. ಅದು ತಾನಾಗಿಯೇ ಅಂಧೇರಿಯ ಸರ್ವರಿಗೆ ಹೋಗುವಂತೆ ಒಂದು ಪುಟ್ಟ ಪ್ರೋಗ್ರಾಮ್ ಹಾಕಿದೆ. ಕಂಪ್ಯೂಟರ್ ಶುರುವಾದ ಕೂಡಲೇ ಅದು ಸರ್ವರಿನ ಬಾಗಿಲು ತಟ್ಟಿ, ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು, ಫೈಲನ್ನು ಅಲ್ಲಿಟ್ಟು ಬರಬೇಕು. ಆಗದಿದ್ದರೆ ಮತ್ತೆ ತಟ್ಟಬೇಕು. ಇಂಥ ಕೆಲಸಕ್ಕೆ ಯಾರ ಹೆಸರೂ ಅಲ್ಲದ ಪ್ರತ್ಯೇಕ ಖಾತೆ ಮಾಡುವುದು ಸರಿಯಾದ ಕ್ರಮ. ನನಗದು ಗೊತ್ತಿತ್ತು. ಆದರೆ ಸರ್ವರಿನಲ್ಲಿ ಆ ಫೈಲು ಇಡಬೇಕಾದ ಫೋಲ್ಡರಿನಲ್ಲಿ ಬರೆಯುವ ಅನುಮತಿ ಆಗಲೇ ರಾಯರ ಖಾತೆಗೆ ಇತ್ತು. ಹೊಸ ಖಾತೆ ಮಾಡಲು ಅಂಧೇರಿಗೆ ವಾಪಸು ಹೋಗಬೇಕಿತ್ತು. ಹೊರಗೆ ಬಿಸಿಲು ಕಾದಿತ್ತು.

"ರಾಯರ, ಇಲ್ಲೊಂದು ಸಲ ನಿಮ್ಮ ಪಾಸ್‌ವರ್ಡ್ ಹಾಕಿಬಿಡ್ರಿ. ಆಮ್ಯಾಲ ನಿಮಗೇನೂ ತ್ರಾಸ ಇಲ್ಲ," ಎಂದೆ. ಮಾಳಿಗೆಯ ಕಬ್ಬಿಣದ ಏಣಿ ಹತ್ತಿ ಬಂದು ಹಾಕಿಕೊಟ್ಟರು. ಆಮೇಲೆ ಪ್ರತ್ಯೇಕ ಖಾತೆ ಮಾಡೋಣ ಎಂದುಕೊಂಡೆ. ಮರೆತೆ. ಮರೆತದ್ದು ನಾನು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಕಾಂದಿವಲಿಯ ಅಡುಗೆಮನೆಯಲ್ಲಿ ಬೇರೆ ತೊಂದರೆ ಬಂತು. ಅಲ್ಲಿನ ಒಂದು ಕಂಪ್ಯೂಟರ್ ಯಾರ ಪಾಸ್‌ವರ್ಡನ್ನೂ ಒಪ್ಪುತ್ತಿರಲಿಲ್ಲ. ನನ್ನದನ್ನೂ ಒಪ್ಪಲಿಲ್ಲ. ತಂತಿ ಬದಲಾಯಿಸಿದೆ, ಸರ್ವರಿನಿಂದ ಬಿಡಿಸಿ ಮತ್ತೆ ಜೋಡಿಸಿದೆ, ಅರ್ಧ ದಿನ ಹೋಯಿತು. ಕೊನೆಗೆ ಪರದೆಯ ಮೂಲೆಯ ಗಡಿಯಾರ ಕಣ್ಣಿಗೆ ಬಿತ್ತು. ಒಳಗಿನ ಸಣ್ಣ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದಿತ್ತು. ತನ್ನ ಗಡಿಯಾರಕ್ಕೂ ಎದುರಿನವನ ಗಡಿಯಾರಕ್ಕೂ ಬಹಳ ವ್ಯತ್ಯಾಸ ಕಂಡರೆ ಸರ್ವರಿಗೆ ಅನುಮಾನ ಬರುತ್ತದೆ; ಸರಿಯಾದ ಪಾಸ್‌ವರ್ಡನ್ನೂ ತಳ್ಳಿಹಾಕುತ್ತದೆ. ಬ್ಯಾಟರಿ ಹಾಕಿದೆ, ಸರಿಹೋಯಿತು. ಸರಿಯಾಗಿ ಹೊಡೆದರೂ ಕಂಪ್ಯೂಟರ್ ತಪ್ಪು ಎನ್ನಬಹುದು ಎಂದು ಆ ದಿನವೇ ಕಣ್ಣಾರೆ ಕಂಡಿದ್ದೆ. ಅಲ್ಲಿ ಎಲ್ಲರದ್ದೂ ತಪ್ಪು ಎಂದಿತ್ತು, ಹಾಗಾಗಿ ಯಂತ್ರವನ್ನು ಅನುಮಾನಿಸಿದೆ. ಒಬ್ಬರದ್ದೇ ತಪ್ಪು ಎಂದಾಗ ಅನುಮಾನಿಸಿದ್ದು ಮನುಷ್ಯನನ್ನು.

ಅಷ್ಟರಲ್ಲಿ ಅಂಧೇರಿಯ ಹಳೆಯ ಮ್ಯಾನೇಜರ್ ಕೆಲಸ ಬಿಟ್ಟು ಊರಿಗೆ ಹೋದರು. ಮೆಟ್ರೊ ಸ್ಟೇಷನ್ನಿನ ಹತ್ತಿರದ ಆ ಶಾಖೆ ನಮ್ಮಲ್ಲೆಲ್ಲ ದೊಡ್ಡದು. ದೊಡ್ಡ ಧಣಿಗಳು ರಾಯರನ್ನೇ ಅಲ್ಲಿಗೆ ಕರೆಸಿದರು. ಕಾಂದಿವಲಿಯ ಮನೆಯಿಂದ ಬೆಳಗಿನ ಲೋಕಲ್ ಹಿಡಿದು, ಶಟರ್ ಎತ್ತುವ ಮೊದಲೇ ಬಂದು ನಿಲ್ಲುತ್ತಿದ್ದರು. ಆ ಗಲ್ಲೆಯ ಮೇಲೆ ಕೂತ ಮೊದಲ ದಿನ ಅವರು ಹೊಸ ಅಂಗಿ ಹಾಕಿಕೊಂಡು ಬಂದದ್ದು ನನಗೆ ನೆನಪಿದೆ.

ಕೆಲವು ವಾರಗಳಲ್ಲಿ ಎಲ್ಲರೂ ಪಾಸ್‌ವರ್ಡ್ ಬದಲಾಯಿಸುವ ಸಮಯ ಬಂತು. ರಾಯರೂ ಬದಲಾಯಿಸಿದರು. ಮರುದಿನ ಬೆಳಿಗ್ಗೆ ತಿಂಡಿಯ ಗದ್ದಲದ ನಡುವೆ ಮೇಲಕ್ಕೆ ಫೋನ್ ಬಂತು.

"ಇದು ತಗೊಳ್ಳುದಿಲ್ಲ ಮಾರಾಯ್ತಿ. ಒಮ್ಮೆ ಬಾ."

ಕೆಳಗೆ ಹೋದೆ. ಗಲ್ಲೆಯ ಎದುರು ಜನ ನಿಂತಿದ್ದರು. ಶಟರ್ ಎತ್ತಿದಾಗ ಲಾಗಿನ್ ಆಗಿತ್ತಂತೆ. ಒಂದು ಲೋಟ ಚಹಾ ಕುಡಿದು ಬರುವಷ್ಟರಲ್ಲಿ ಪರದೆ ಮುಚ್ಚಿಕೊಂಡಿತ್ತು, ಮತ್ತೆ ಪಾಸ್‌ವರ್ಡ್ ಹೊಡೆದರೆ ತೆರೆಯಲಿಲ್ಲ. ಖಾತೆ ಲಾಕ್ ಆಗಿತ್ತು. ಬಿಡಿಸಿಕೊಟ್ಟೆ. ಹೊಸ ಪಾಸ್‌ವರ್ಡ್, ಬೆರಳು ತಪ್ಪಿರಬೇಕು ಎಂದುಕೊಂಡೆ.

ಮರುದಿನವೂ ಅದೇ ಆಯಿತು, ಅದರ ಮರುದಿನವೂ. ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬೇಸತ್ತು ಪಾಸ್‌ವರ್ಡನ್ನೇ ಬದಲಾಯಿಸಿಕೊಟ್ಟೆ, ಪ್ರಯೋಜನವಾಗಲಿಲ್ಲ. ಯಾವುದೇ ಖಾತೆ ಲಾಕ್ ಆದರೆ ನನಗೆ ಮೇಲ್ ಬರುವಂತೆ ಮಾಡಿಕೊಂಡಿದ್ದೆ. ಅದರಲ್ಲಿ ಬರುತ್ತಿದ್ದದ್ದು ಹೆಸರು ಮಾತ್ರ. ತಪ್ಪು ಪಾಸ್‌ವರ್ಡ್ ಯಾವ ಕಂಪ್ಯೂಟರಿನಿಂದ ಬಂತು ಎಂದು ತಿಳಿಯಬೇಕಾದರೆ ಸರ್ವರಿನ ದಾಖಲೆ ತೆರೆಯಬೇಕು. ಹೆಚ್ಚೆಂದರೆ ಒಂದು ಚಹಾ ಮುಗಿಯುವಷ್ಟು ಹೊತ್ತಿನ ಕೆಲಸ. ನಾನು ತೆರೆಯಲಿಲ್ಲ. ಎಲ್ಲಿಂದ ಎಂದು ಏಕೆ ನೋಡಬೇಕು? ರಾಯರು ನನ್ನ ಕಣ್ಣೆದುರಿಗೇ ಗಲ್ಲೆಯ ಮೇಲೆ ಕೂತು ಕೀಲಿಗಳನ್ನು ಒತ್ತುತ್ತಿದ್ದರಲ್ಲ.

ಬದಲಿಗೆ ಅವರಿಗೆ ಪಾಠ ಮಾಡಿದೆ. ಊಟದ ಹೊತ್ತಿಗಿಂತ ಮೊದಲು ಅವರನ್ನು ಮೇಲಕ್ಕೆ ಕರೆಸಿ, ದೊಡ್ಡಕ್ಷರದ ಕೀಲಿ ಯಾವುದು, ಅಂಕಿಯ ಕೀಲಿ ಯಾವುದು ಎಂದು ತೋರಿಸಿದೆ. ನನ್ನ ತಂದೆಯ ವಯಸ್ಸಿನವರು, ವಿಧೇಯರಾಗಿ ತಲೆಯಾಡಿಸಿದರು. ಪಕ್ಕದ ಮೇಜಿನವರು ನೋಡಿ ನಗುತ್ತಿದ್ದರು. ಅದು ರಾಯರಿಗೂ ಕಾಣುತ್ತಿತ್ತು, ನನಗೂ ಕಾಣುತ್ತಿತ್ತು.

"ಬೈಕುಲ್ಲಾದಲ್ಲಿ ನನಗೆ ಹೀಗೆ ಒಂದು ದಿನವೂ ಆದದ್ದಿಲ್ಲ," ಎಂದರು.

"ಅಲ್ಲಿ ಗದ್ದಲ ಕಡಿಮಿ ಇತ್ತಲ್ರಿ," ಎಂದೆ.

ಇನ್ನೊಂದು ಬೆಳಿಗ್ಗೆ ಲಾಕ್ ಬಿಡಿಸಲು ಹೋದಾಗ ಅವರು ಗಲ್ಲೆಯಿಂದ ಎದ್ದು ನನ್ನನ್ನು ಕೈತೊಳೆಯುವ ಜಾಗದ ಹತ್ತಿರ ಕರೆದುಕೊಂಡು ಹೋದರು. ದನಿ ತಗ್ಗಿಸಿದರು.

"ನಾನು ಹೇಳ್ತೇನೆ, ನೀನು ಕೇಳು. ಸ್ಟೇಷನ್ನಿಂದ ಇಲ್ಲಿವರೆಗೆ ಅದನ್ನೇ ಹೇಳಿಕೊಂಡು ಬಂದದ್ದು. ಒಂದಕ್ಷರ ಆಚೀಚೆ ಇಲ್ಲ. ಮೊದಲು ದೊಡ್ಡ ಕೆ..."

"ಹೇಳಬ್ಯಾಡ್ರಿ ರಾಯರ!" ಎಂದು ಎರಡೂ ಕೈ ಎತ್ತಿದೆ. "ಯಾರಿಗೂ ಹೇಳೂದಲ್ರಿ ಅದು. ನನಗೂ ಹೇಳಬಾರದು."

"ಸರಿ ಉಂಟಾ ಇಲ್ವಾ ಅಂತ ನಿನಗಾದರೂ ಗೊತ್ತಾಗ್ಲಿ ಅಂತ."

"ನನಗ ಗೊತ್ತಾದ್ರ ಅದು ಪಾಸ್‌ವರ್ಡ್ ಆಗಂಗಿಲ್ರಿ."

ತನ್ನ ನೆನಪು ಸರಿಯಿದೆ ಎಂದು ತೋರಿಸಲು ಆ ಮನುಷ್ಯನ ಹತ್ತಿರ ಇದ್ದದ್ದು ಅದೊಂದೇ. ನಿಯಮದ ಹೆಸರು ಹೇಳಿ ಅದನ್ನೂ ತಡೆದೆ. ಕೈ ಒರೆಸಿಕೊಳ್ಳುತ್ತಿದ್ದ ಗಿರಾಕಿಯೊಬ್ಬ ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿದ. ರಾಯರು ನಲ್ಲಿ ತಿರುಗಿಸಿ, ಅದಕ್ಕೇ ಬಂದವರ ಹಾಗೆ ಮುಖ ತೊಳೆದುಕೊಂಡು ಗಲ್ಲೆಗೆ ಹೋದರು.

ಗಲ್ಲೆಯ ಎದುರಿನ ಸಾಲು ಬೀದಿಯವರೆಗೆ ಬೆಳೆದ ಒಂದು ದಿನ ಸಣ್ಣ ಧಣಿಯೇ ಅಲ್ಲಿದ್ದರು. ಆಮೇಲೆ ನನ್ನ ಮೊಬೈಲಿಗೆ ಅವರ ಮೆಸೇಜ್ ಬಂತು. ಅಂಕಲ್ ದಿನಾ ಯಾಕೆ ಮರೆಯುತ್ತಾರೆ, ಸಿಸ್ಟಮ್ ತಪ್ಪಾ ಅವರ ತಪ್ಪಾ ಎಂದು ಕೇಳಿದ್ದರು. ನಾನು ಮೆಟ್ರೊದ ಮೆಟ್ಟಿಲು ಇಳಿಯುತ್ತಿದ್ದೆ. ನಿಲ್ಲಲೂ ಇಲ್ಲ. "ಯೂಸರ್ ಸೈಡ್" ಎಂದು ಒತ್ತಿ ಕಳಿಸಿದೆ. ಬಳಸುವವರ ಕಡೆಯದು ಎಂದರ್ಥ. ಸಿಸ್ಟಮ್ ಎಂದರೆ ಅದು ನಾನು ಕಟ್ಟಿದ್ದು. ಅದರಲ್ಲಿ ತಪ್ಪಿರಬಹುದು ಎಂಬ ಯೋಚನೆ ಆ ಮೆಟ್ಟಿಲುಗಳ ಮೇಲೆ ನನಗೆ ಬರಲೇ ಇಲ್ಲ.

ಆ ಎರಡು ಪದಗಳ ಮೇಲೆ ರಾಯರನ್ನು ಗಲ್ಲೆಯಿಂದ ಇಳಿಸಿದರು. ಯಾರೂ ಗದರಲಿಲ್ಲ. ಸಣ್ಣ ಧಣಿ ಅವರ ಹೆಗಲ ಮೇಲೆ ಕೈಯಿಟ್ಟು, "ಅಂಕಲ್, ಥೋಡಾ ರೆಸ್ಟ್ ಮಾಡಿ. ಮನೇಲಿ ಇರಿ. ಡಾಕ್ಟರಿಗೆ ತೋರ್ಸಿ," ಎಂದರು. ನಾನು ಅಲ್ಲೇ ಪ್ರಿಂಟರಿನ ಹತ್ತಿರ ಬಗ್ಗಿದ್ದೆ. ರಾಯರು ತಮ್ಮ ಕನ್ನಡಕದ ಡಬ್ಬಿ, ಊರಿನ ಬಾಮಿನ ಸಣ್ಣ ಸೀಸೆ, ಕರವಸ್ತ್ರ ಎತ್ತಿಕೊಂಡು ನನ್ನ ಹತ್ತಿರ ಬಂದರು.

"ನನ್ನ ಅಮ್ಮನಿಗೂ ಹೀಗೇ ಶುರು ಆದದ್ದು," ಎಂದರು. "ಮೊದಲು ಸಣ್ಣ ಸಣ್ಣದು. ಕೊನೆಗೆ ನಾನು ಯಾರು ಅಂತ ನನ್ನನ್ನೇ ಕೇಳ್ತಿದ್ದಳು."

"ಹಂಗೇನಿಲ್ರಿ ರಾಯರ," ಎಂದೆ. ಹಾಗೇನಿಲ್ಲ ಎಂದು ನನಗೂ ಖಾತ್ರಿ ಇರಲಿಲ್ಲ.

ಮುಂದಿನ ವಾರದ ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿನಲ್ಲಿ, ಮತ್ತೆ ಮೇಲ್ ಬಂತು. ಖಾತೆ ಲಾಕ್ ಆಗಿದೆ. ಹೆಸರು ರಾಯರದ್ದು.

ಅವರು ಮನೆಗೆ ಹೋದಂದಿನಿಂದ ಬಂದ ಇಮೇಲ್‌ಗಳನ್ನು ಹಿಂದಕ್ಕೆ ಸರಿಸಿ ನೋಡಿದೆ. ಪ್ರತಿದಿನವೂ ಬಂದಿತ್ತು. ನೋಡಿ ನೋಡಿ ರೂಢಿಯಾಗಿ ನಾನು ಅವುಗಳನ್ನು ತೆರೆಯುವುದನ್ನೇ ಬಿಟ್ಟಿದ್ದೆ. ನನಗೆ ಮೊದಲು ಹೊಳೆದದ್ದೂ ಕೆಟ್ಟದ್ದೇ. ರಾಯರು ಯಾವುದೋ ಶಾಖೆಗೆ ಹೋಗಿ, ಯಾರಿಗೂ ಗೊತ್ತಾಗದ ಹಾಗೆ ಪಾಸ್‌ವರ್ಡ್ ಹೊಡೆದು ನೋಡುತ್ತಿದ್ದಾರೆ ಎಂದುಕೊಂಡೆ. ಫೋನ್ ಮಾಡಿದೆ.

"ರಾಯರ, ಇವತ್ತ ಎಲ್ಲ್ಯಾರ ಲಾಗಿನ್ ಮಾಡಿದ್ರೇನ್ರಿ?"

"ನಾನು ಮನೇಲೇ ಇದ್ದೇನಲ್ಲ," ಎಂದರು. ಹಿಂದೆ ಕುಕ್ಕರಿನ ಸೀಟಿ ಕೇಳಿಸಿತು. "ಮಾಡಿದೆನಾ? ಇಲ್ಲ ಅಂತ ಕಾಣ್ತದೆ. ತಡಿ, ಇವಳನ್ನು ಕೇಳಿ ಹೇಳ್ತೇನೆ."

ಫೋನನ್ನು ಪಕ್ಕಕ್ಕಿಟ್ಟು ಹೆಂಡತಿಯನ್ನು ಕೇಳುವುದು ನನಗೆ ಕೇಳಿಸಿತು. "ನಾನು ಬೆಳಿಗ್ಗೆ ಎಲ್ಲಿಗಾದರೂ ಹೋಗಿದ್ದೆನಾ?"

ಮನೆಯಲ್ಲೇ ಇದ್ದ ಮನುಷ್ಯ ತಾನು ಮನೆಯಲ್ಲಿದ್ದೆನೇ ಎಂದು ಹೆಂಡತಿಯನ್ನು ಕೇಳುತ್ತಿದ್ದರು. ಹಾಗೆ ಕೇಳುವಂತೆ ಮಾಡಿದ್ದು ನನ್ನ ಪ್ರಶ್ನೆ. "ಏನಿಲ್ರಿ, ಇಡ್ತೀನ್ರಿ," ಎಂದು ಫೋನ್ ಇಟ್ಟೆ.

ಸರ್ವರಿನ ಮುಂದೆ ಕೂತೆ. ರಾಯರ ಖಾತೆಯನ್ನು ಬಂದ್ ಮಾಡು ಎಂದು ಸಣ್ಣ ಧಣಿ ಆಗಲೇ ಹೇಳಿದ್ದರು. ಕೆಲಸದಲ್ಲಿ ಇಲ್ಲದವರ ಖಾತೆ ತೆರೆದಿಡಬಾರದು ಎಂಬುದೂ ನನ್ನದೇ ನಿಯಮ. ಖಾತೆ ಬಂದ್ ಮಾಡುವ ಗುಂಡಿ ಒತ್ತಿದ್ದರೆ ಮರುದಿನದಿಂದ ಮೇಲ್ ಬರುವುದು ನಿಲ್ಲುತ್ತಿತ್ತು. ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಬಾಣದ ಗುರುತು ಆ ಗುಂಡಿಯ ಮೇಲೆ ಬಂದು ನಿಂತದ್ದೂ ನಿಜ. ಒತ್ತಲಿಲ್ಲ. ದಾಖಲೆ ತೆರೆದೆ.

ಹುಡುಕುವುದಕ್ಕೇನೂ ಇರಲಿಲ್ಲ. ತಪ್ಪು ಪಾಸ್‌ವರ್ಡ್ ಬಂದ ಪ್ರತಿಯೊಂದು ಸಾಲಿನಲ್ಲೂ ಒಂದೇ ಕಂಪ್ಯೂಟರಿನ ಹೆಸರಿತ್ತು. ಬೈಕುಲ್ಲಾ ಸ್ಟೋರ್.

ಕೂಡಲೇ ಹೊರಟೆ. ಅಂಧೇರಿಯಿಂದ ದಾದರಿಗೆ, ಅಲ್ಲಿ ಸೇತುವೆ ದಾಟಿ ಇನ್ನೊಂದು ಲೋಕಲ್. ಬಾಗಿಲ ಬಳಿ ನಿಂತು, ಏನಾಗಿರಬಹುದು ಎಂದು ಒಂದೊಂದಾಗಿ ಜೋಡಿಸುತ್ತಿದ್ದವಳಿಗೆ ಬೈಕುಲ್ಲಾ ಬರುವ ಮೊದಲೇ ಆ ಕಬ್ಬಿಣದ ಏಣಿ ನೆನಪಾಯಿತು. ಅಲ್ಲಿ ಹತ್ತಿ ನೋಡುವ ಅಗತ್ಯ ಇನ್ನು ಇರಲಿಲ್ಲ. ಆದರೂ ಹತ್ತಿದೆ.

ಸ್ಟೋರಿನವರು ಕೊತ್ತಂಬರಿ ಕಟ್ಟುಗಳ ನಡುವೆ ಕೂತಿದ್ದರು. "ಈ ಕಂಪ್ಯೂಟರ್ ದಿನಾ ಎಷ್ಟೊತ್ತಿಗೆ ಚಾಲೂ ಮಾಡ್ತೀರ್ರಿ?" ಎಂದು ಕೇಳಿದೆ.

"ಮಾಲು ಇಳಿಸಿದ ಮೇಲೆ. ಅಲ್ಲಿ ನಿಮಗೆ ತಿಂಡಿಯ ರಶ್ ಇರ್ತದಲ್ಲ, ಆಗ."

"ಇದರಾಗಿಂದ ಫೈಲ್ ಅಂಧೇರಿಗೆ ಹೋಗ್ತದೇನ್ರಿ?"

"ಅದು ಯಾವಾಗಲೋ ಬಂದ್ ಆಯ್ತಲ್ಲ. ಎಂತದೋ ಎರರ್ ತೋರಿಸ್ತದೆ. ನಾನು ಫೋಟೋ ತೆಗ್ದು ವಾಟ್ಸ್ಆ್ಯಪ್ ಹಾಕುದು."

ಎಲ್ಲವೂ ಅಲ್ಲಿಯೇ ಇತ್ತು. ರಾಯರು ಪಾಸ್‌ವರ್ಡ್ ಬದಲಾಯಿಸಿದ ದಿನದಿಂದ ನನ್ನ ಪುಟ್ಟ ಪ್ರೋಗ್ರಾಮ್ ಅವರ ಹಳೆಯ ಪಾಸ್‌ವರ್ಡ್ ಹಿಡಿದುಕೊಂಡು ದಿನಾ ಬೆಳಿಗ್ಗೆ ಅಂಧೇರಿಯ ಸರ್ವರಿನ ಬಾಗಿಲು ತಟ್ಟುತ್ತಿತ್ತು. ತೆರೆಯದಿದ್ದರೆ ಮತ್ತೆ ತಟ್ಟು ಎಂದು ನಾನೇ ಹೇಳಿಕೊಟ್ಟಿದ್ದೆ. ಕೆಲವು ಸಲ ತಟ್ಟಿದ ಮೇಲೆ ಸರ್ವರ್ ರಾಯರ ಖಾತೆಗೆ ಬೀಗ ಹಾಕುತ್ತಿತ್ತು. ಅದೇ ಹೊತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ ರಾಯರು, ಗಿರಾಕಿಗಳ ಸಾಲಿನ ಎದುರು, ಒಂದಕ್ಷರವೂ ತಪ್ಪದ ಪಾಸ್‌ವರ್ಡನ್ನು ಮತ್ತೆ ಮತ್ತೆ ಹೊಡೆಯುತ್ತಿದ್ದರು.

ಪ್ರೋಗ್ರಾಮನ್ನು ಅಳಿಸಿದೆ. ಏಣಿ ಇಳಿಯುವಾಗ ಸ್ಟೋರಿನವರು, "ಚಹಾ ಕುಡ್ದು ಹೋಗಿ," ಎಂದರು. ನಾನು ನಿಲ್ಲದೆ ಸ್ಟೇಷನ್ನಿನ ಕಡೆ ನಡೆದೆ.

ಸಣ್ಣ ಧಣಿಗೆ ಅಂದೇ ಹೇಳಿದೆ. ಪೂರ್ತಿ ಹೇಳಿದೆ: ಪ್ರೋಗ್ರಾಮ್ ಹಾಕಿದ್ದು ನಾನು, ನೋಡಬೇಕಾದದ್ದನ್ನು ನೋಡದೆ ಇದ್ದದ್ದು ನಾನು, "ಯೂಸರ್ ಸೈಡ್" ಎಂದದ್ದು ಸುಳ್ಳು. ಅವರು ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಹಣೆಗೆ ಕೈಯಿಟ್ಟುಕೊಂಡು ನಕ್ಕರು.

"ಅರೇ ಯಾರ್! ಸಿಸ್ಟಮ್ ಇಶ್ಯೂ ಥಾ? ಚಲೋ, ಅಂಕಲ್‌ಗೆ ಫೋನ್ ಮಾಡಿ ಬರೋಕ್ ಹೇಳು."

"ಎಲ್ಲರ ಮುಂದ ಹೇಳಬೇಕ್ರಿ," ಎಂದೆ. "ಅವರು ಮರೀತಾರಂತ ಎಲ್ಲಾರಿಗೂ ಗೊತ್ತದ. ಮರೀಲಿಲ್ಲ ಅನ್ನೂದೂ ಎಲ್ಲಾರಿಗೂ ಗೊತ್ತಾಗ್ಬೇಕು."

"ನಿನ್ನ ಹೆಸರು ಖರಾಬ್ ಆಗುತ್ತೆ."

"ಆಗ್ಲಿ ಬಿಡ್ರಿ."

ಮರುದಿನ ಶಟರ್ ಎತ್ತುವ ಮೊದಲು, ವೇಟರುಗಳು ಟೇಬಲ್ ಒರೆಸುತ್ತಿದ್ದ ಹೊತ್ತಿನಲ್ಲಿ, ಎಲ್ಲರನ್ನೂ ಗಲ್ಲೆಯ ಹತ್ತಿರ ಕರೆದು ಹೇಳಿದೆ. ಕನ್ನಡದಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ. ವೇಟರುಗಳು ಮತ್ತೆ ಟೇಬಲ್ ಒರೆಸಲು ಹೋದರು. ದೋಸೆ ಕಲ್ಲಿನ ಹತ್ತಿರದವರು ಮಾತ್ರ, "ಆ ಮನುಷ್ಯನನ್ನು ಮನೆಗೆ ಕಳಿಸಿದ ಮೇಲೆ ಹೇಳ್ತೀರಲ್ಲ," ಎಂದು ಒಳಗೆ ಹೋದರು.

ರಾಯರಿಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಕಾಂದಿವಲಿಯ ಅವರ ಬಿಲ್ಡಿಂಗಿಗೇ ಹೋದೆ. ಬಾಗಿಲು ತೆರೆದದ್ದು ಅವರ ಹೆಂಡತಿ. ರಾಯರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಬೆಳಗಿನ ಲೋಕಲ್ಲಿಗೆ ಓಡುವುದನ್ನು ಬಿಟ್ಟು ಕೆಲವೇ ದಿನಗಳಲ್ಲಿ ಅವರು ಅರ್ಧಕ್ಕೆ ಇಳಿದವರ ಹಾಗೆ ಕಂಡರು. ನಾನು ಕುಳಿತುಕೊಳ್ಳದೆಯೇ ಹೇಳಲು ಶುರುಮಾಡಿದೆ. ಬೈಕುಲ್ಲಾದ ಮಾಳಿಗೆಯಿಂದ ಶುರುಮಾಡಿ ಮೆಟ್ರೊದ ಮೆಟ್ಟಿಲಿನವರೆಗೆ ಹೇಳಿದೆ. ನಡುವೆ ಅವರು ಎರಡು ಮೂರು ಪ್ರಶ್ನೆ ಕೇಳಿದರು, ತುಂಬ ಸಮಾಧಾನದಿಂದ. ಹಾಗಾದರೆ ತಾನು ಹೊಡೆದದ್ದು ಸರಿಯೇ? ದಿನಾ ಸರಿಯೇ? ದಿನಾ ಸರಿಯೇ ಎಂದೆ.

ಅವರ ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. "ಡಾಕ್ಟರು ಎಂತದೂ ಇಲ್ಲ, ವಯಸ್ಸಾಯ್ತಲ್ಲ, ಹೆದರ್ಬೇಡಿ ಅಂದ್ರು," ಎಂದರು. "ಇವರು ನಂಬಲಿಲ್ಲ. ಕಂಪ್ಯೂಟರ್ ಸುಳ್ಳು ಹೇಳ್ತದಾ ಅಂದ್ರು. ನಾನೂ ನಂಬಲಿಲ್ಲ. ಈಗ ಇವರನ್ನು ಒಬ್ಬರನ್ನೇ ಕೆಳಗೆ ಹಾಲಿಗೂ ಕಳಿಸುದಿಲ್ಲ ನಾನು." ಅವರ ದನಿ ಅಲ್ಲಿಗೆ ಏರಿತು. "ನೀನು ಒಮ್ಮೆ ನೋಡಿದ್ದರೆ ಆಗ್ತಿತ್ತಲ್ಲ ಮಗಾ! ಒಮ್ಮೆ!"

"ಹೌದ್ರಿ," ಎಂದೆ.

ರಾಯರು ಕೈ ಎತ್ತಿ ಹೆಂಡತಿಯನ್ನು ತಡೆದರು. ನನ್ನ ಕಡೆ ತಿರುಗಿದರು.

"ಮೊನ್ನೆ ಗ್ಯಾಸ್ ಬಂದ್ ಮಾಡ್ಲಿಕ್ಕೆ ಮರ್ತೆ. ಹಾಲು ಉಕ್ಕಿ, ಕಲೆ ಇನ್ನೂ ಹೋಗ್ಲಿಲ್ಲ. ಪಕ್ಕದ ಮನೆಯವರ ಹೆಸರು ಬಾಯಿಗೆ ಬರಲಿಲ್ಲ. ಅದೂ ನಿನ್ನ ಮೆಶೀನಾ, ಇಲ್ಲ ನನ್ನದಾ?"

ವ್ಯಂಗ್ಯಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಹೆದರಿದವನು ಯಾವುದನ್ನೂ ನೆಟ್ಟಗೆ ಮಾಡಲಾರ, ಹಾಲು ಯಾರಿಂದಲೂ ಉಕ್ಕುತ್ತದೆ ಎಂದೆಲ್ಲ ಹೇಳಬಹುದಿತ್ತು. ಆದರೆ ಖಾತ್ರಿ ಇಲ್ಲದ್ದನ್ನು ಖಾತ್ರಿಯಿಂದ ಹೇಳಿ ಆಗಲೇ ಇಷ್ಟು ಮಾಡಿದ್ದೆ.

"ನನಗ ಗೊತ್ತಿಲ್ರಿ ರಾಯರ," ಎಂದೆ. "ಪಾಸ್‌ವರ್ಡ್ ಮಾತ್ರ ನೀವು ಮರ್ತಿಲ್ಲ. ಅದಷ್ಟು ನಾ ನೋಡೀನಿ."

ಅವರು ತಲೆಯಾಡಿಸಿದರು. ಹೊರಡುವಾಗ, "ಕಾಫಿ ಕುಡಿಲಿಲ್ಲ ಇವಳು," ಎಂದು ಹೆಂಡತಿಗೆ ಹೇಳಿದರು. ಆಕೆ ಒಳಗೆ ಹೋಗಲಿಲ್ಲ. ನಾನೂ ನಿಲ್ಲಲಿಲ್ಲ.

ಆಮೇಲೆ ಮಾಡಬೇಕಾದ ಕೆಲಸವನ್ನೆಲ್ಲ ಮಾಡಿದೆ. ಎಲ್ಲ ಶಾಖೆಗಳಿಗೂ ಮತ್ತೆ ಹೋಗಿ, ಯಾರ ಹೆಸರಿನಲ್ಲಾದರೂ ಪಾಸ್‌ವರ್ಡ್ ಎಲ್ಲಾದರೂ ಉಳಿಸಿಟ್ಟಿದ್ದೇನೆಯೇ ಎಂದು ಪ್ರತಿಯೊಂದು ಕಂಪ್ಯೂಟರನ್ನೂ ಜಾಲಾಡಿದೆ. ಯಂತ್ರಗಳು ಮಾಡುವ ಕೆಲಸಕ್ಕೆ ಯಂತ್ರದ್ದೇ ಖಾತೆ ಮಾಡಿದೆ. ಖಾತೆ ಲಾಕ್ ಆದಾಗ ಬರುವ ಇಮೇಲ್‌ನಲ್ಲಿ ಮನುಷ್ಯರ ಹೆಸರಿಗಿಂತ ಮೊದಲು ಕಂಪ್ಯೂಟರಿನ ಹೆಸರು ಬರುವಂತೆ ಮಾಡಿದೆ. ಈಗ ಯಾರಾದರೂ, "ನಾನು ಸರಿಯಾಗಿಯೇ ಹೊಡೆದೆ," ಎಂದರೆ ಮೊದಲು ಅವರನ್ನು ನಂಬಿ ಆಮೇಲೆ ಕೆಲಸ ಶುರುಮಾಡುತ್ತೇನೆ. ಇದೆಲ್ಲ ಒಳ್ಳೆಯ ಕ್ರಮ. ರಾಯರಿಗೆ ಇದರಿಂದ ಏನೂ ಆಗಬೇಕಿಲ್ಲ.

ರಾಯರು ಮರಳಿ ಬಂದರು. ದೊಡ್ಡ ಧಣಿಗಳೇ ಫೋನ್ ಮಾಡಿ ಕರೆದರಂತೆ. ಮೊದಲ ದಿನ ಹೆಂಡತಿ ಜೊತೆಗೆ ಬಂದು, ಗಲ್ಲೆಯ ಮೇಲೆ ಕೂರಿಸಿ, ಸ್ವಲ್ಪ ಹೊತ್ತು ಮೂಲೆಯ ಟೇಬಲ್ಲಿನಲ್ಲಿದ್ದು ಹೋದರು. ರಾಯರು ಪಾಸ್‌ವರ್ಡ್ ಹೊಡೆಯುವಾಗ ನಾನು ಬೇಕೆಂದೇ ದೂರ ನಿಂತಿದ್ದೆ. ಒಂದೇ ಸಲಕ್ಕೆ ತೆರೆಯಿತು. ತಿಂಡಿಯ ಹೊತ್ತು ಬಂತು, ಹೋಯಿತು, ಲಾಕ್ ಆಗಲಿಲ್ಲ. ವೇಟರುಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನನಗೂ ಒಂದು ಗಳಿಗೆ, ಎಲ್ಲ ಸರಿಹೋಯಿತು ಎನ್ನಿಸಿತು.

ಕೆಲವು ದಿನಗಳ ಮೇಲೆ ನಾನು ಗಲ್ಲೆಯ ಬದಿಯಲ್ಲಿ ಕೂತು ಒಂದು ತಂತಿ ಸರಿಮಾಡುತ್ತಿದ್ದೆ. ಆಫೀಸಿಗೆ ಹೊರಟ ಹೆಂಗಸೊಬ್ಬಳು ಪಾರ್ಸೆಲ್ ಹೇಳಿದಳು. ಎರಡು ಇಡ್ಲಿ, ಒಂದು ವಡೆ, ಒಂದು ಉಪ್ಪಿಟ್ಟು. ಅಷ್ಟೇ. ರಾಯರು ಅದನ್ನು ಕಂಪ್ಯೂಟರಿನಲ್ಲಿ ಹಾಕಿದರು. ಪೊಟ್ಟಣ ಬಂತು. ಅವರು ಅದನ್ನು ಬಿಚ್ಚಿ ನೋಡಿದರು, ಪರದೆ ನೋಡಿದರು, ಮತ್ತೆ ಪೊಟ್ಟಣ ನೋಡಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ಆಮೇಲೆ ನನ್ನ ಕಡೆಗೆ ಬಗ್ಗಿ, ಮೆಲ್ಲಗೆ ಕೇಳಿದರು.

"ಒಮ್ಮೆ ನೋಡು ಮಾರಾಯ್ತಿ. ಇದು ಸರಿ ಉಂಟಲ್ವಾ?"

ನೋಡಿದೆ. ಸರಿಯಾಗಿಯೇ ಇತ್ತು. "ಸರಿ ಅದರಿ ರಾಯರ," ಎಂದೆ.

ಆಗಲಿ ಎಂಬಂತೆ ತಲೆಯಾಡಿಸಿದರು. ಆಮೇಲೆ ನನ್ನನ್ನು ದಾಟಿ, ತಟ್ಟೆ ಎತ್ತಿಕೊಂಡು ಹೋಗುತ್ತಿದ್ದ ವೇಟರನ್ನು ಕರೆದು ಪೊಟ್ಟಣ ತೋರಿಸಿ, ಅವನನ್ನೂ ಅದನ್ನೇ ಕೇಳಿದರು.